ಮಂಡಿ ನೋವಿನ ಮಾತ್ರೆ, ಬಿಪಿ ಮಾತ್ರೆ ಮತ್ತು ಮೂತ್ರಪಿಂಡ

ಪ್ರಶ್ನೆ: ಪಾವಗಡ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ತಾಯಿಗೆ 67 ವರ್ಷ. ಅವರು ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಂತೆ ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಜೈಡ್, ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಹಾಗೂ ದಿನಕ್ಕೆ 2 ಗ್ರಾಂ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಮಂಡಿ ನೋವಿಗೆ ಔಷಧಿ ಅಂಗಡಿಯಿಂದ ತರಿಸಿದ ಅಸಿಕ್ಲೋಫೆನಾಕ್–ಪ್ಯಾರಸಿಟಮಾಲ್ ಮಾತ್ರೆಯನ್ನು ತಿಂಗಳುಗಳಿಂದ ನುಂಗುತ್ತಿದ್ದಾರೆ. ಈಗ ಪಾದ ಊದಿದೆ, ಮೂತ್ರಪಿಂಡದ ಕೆಲಸ ತಗ್ಗಿದಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.6 ಬಂದಿದೆ. ಬಿಪಿ ಮಾತ್ರೆಯೇ ಕಾರಣವೆಂದು ನೆಂಟರು ಹೇಳುತ್ತಾರೆ. ನಿಲ್ಲಿಸಬಹುದೇ?

ಉತ್ತರ: ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಇಂದೇ ನಿಲ್ಲಿಸಬೇಕಾದದ್ದು ಅಸಿಕ್ಲೋಫೆನಾಕ್. ಮೂತ್ರಪಿಂಡದ ಸೋಸುಗಂಟುಗಳಿಗೆ ರಕ್ತ ತರುವ ನಾಳವನ್ನು ತೆರೆದಿಡುವ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುವನ್ನು ಈ ಗುಂಪಿನ ನೋವಿನ ಮಾತ್ರೆಗಳು ತಗ್ಗಿಸುತ್ತವೆ. ಟೆಲ್ಮಿಸಾರ್ಟನ್ ರಕ್ತ ಹೊರಹೋಗುವ ನಾಳವನ್ನು ಸಡಿಲಗೊಳಿಸುತ್ತದೆ, ಹೈಡ್ರೋಕ್ಲೋರೋಥಯಜೈಡ್ ದೇಹದ ನೀರಿನಂಶವನ್ನು ಇಳಿಸುತ್ತದೆ. ಬೇರೆಬೇರೆಯಾಗಿ ನೋಡಿದರೆ ಮೂರೂ ಉಪಯುಕ್ತ ಔಷಧಿಗಳೇ ಆದರೂ, ಒಟ್ಟಿಗೆ ಸೇರಿದಾಗ ಸೋಸಲು ಬೇಕಾದ ಒತ್ತಡವೇ ಕುಸಿಯುವ ಅಪಾಯವಿದೆ. ಜೊತೆಗೆ ನೋವಿನ ಮಾತ್ರೆ ಉಪ್ಪನ್ನು ದೇಹದಲ್ಲೇ ಹಿಡಿದಿಡುವುದರಿಂದ ಪಾದ ಊದುತ್ತದೆ, ಬಿಪಿ ಏರುತ್ತದೆ. ಆ ಏರಿಕೆಯನ್ನು ಕಂಡು ಬಿಪಿ ಔಷಧಿಯನ್ನು ಹೆಚ್ಚಿಸುವುದೂ ಉಂಟು.

ಇಲ್ಲಿ ತಪ್ಪು ಒಬ್ಬರದೆಂದು ನನಗೆ ಅನಿಸುವುದಿಲ್ಲ. ಆರೋಗ್ಯ ಕೇಂದ್ರದ ವೈದ್ಯರಿಗೆ ಅಂಗಡಿಯ ಮಾತ್ರೆ ಗೊತ್ತಿಲ್ಲ, ಅಂಗಡಿಯವರಿಗೆ ಆರೋಗ್ಯ ಕೇಂದ್ರದ ಚೀಟಿ ಗೊತ್ತಿಲ್ಲ. (ಚೀಟಿಯಿಲ್ಲದೆ ಅಸಿಕ್ಲೋಫೆನಾಕ್ ಮಾರುವಂತಿಲ್ಲ ಎಂಬ ನಿಯಮವಿದ್ದರೂ ಪಾಲನೆ ಎಷ್ಟೆಂಬುದು ನಿಮಗೂ ತಿಳಿದಿದೆ.) ಆದ್ದರಿಂದ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಖಾಲಿ ಸ್ಟ್ರಿಪ್‌ ಮತ್ತು ನಾಟಿ ಔಷಧಿಯನ್ನೂ ಸೇರಿಸಿ, ಒಂದೇ ಚೀಲದಲ್ಲಿ ವೈದ್ಯಾಧಿಕಾರಿಗೆ ತೋರಿಸಿ. ಎರಡು ಬ್ರಾಂಡ್ ಹೆಸರಿನಲ್ಲಿ ಒಂದೇ ಔಷಧಿ ನುಂಗುತ್ತಿರುವುದು ಹಾಗೆಯೇ ಪತ್ತೆಯಾಗುತ್ತದೆ.

ಈ ವಯಸ್ಸಿನ ಮಹಿಳೆಗೆ 1.6 ಕ್ರಿಯಾಟಿನಿನ್ ಎಂದರೆ ಸೋಸುವ ಸಾಮರ್ಥ್ಯ, ಅಂದರೆ ಇಜಿಎಫ್‌ಆರ್, ಸುಮಾರು 35. ಅದು 45ಕ್ಕಿಂತ ಕಡಿಮೆಯಿದ್ದಾಗ ಮೆಟ್‌ಫಾರ್ಮಿನ್ ಅನ್ನು ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂ ಮೀರದಂತೆ ಕೊಡುತ್ತಾರೆ, 30ಕ್ಕಿಂತ ಇಳಿದರೆ ನಿಲ್ಲಿಸುತ್ತಾರೆ. ಹೀಗಾಗಿ ಈಗಿನ ಪ್ರಮಾಣವನ್ನು ಈ ವಾರವೇ ಪರಿಶೀಲಿಸಬೇಕು. ಗ್ಲಿಮೆಪಿರೈಡ್‌ನಿಂದ ಸಕ್ಕರೆ ಅಂಶ ತೀರಾ ಕುಸಿಯಬಹುದಾದ್ದರಿಂದ ಅವರು ಊಟ ಬಿಡಬಾರದು; ಬೆವರು, ನಡುಕ, ಗೊಂದಲ ಕಂಡರೆ ಕೂಡಲೇ ಸಕ್ಕರೆ ನೀರು ಕೊಡಿ. ನೋವಿನ ಮಾತ್ರೆ ಬಿಟ್ಟ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೂತ್ರದ ಆಲ್ಬುಮಿನ್ (ಮೂತ್ರದಲ್ಲಿ ಸೋರುವ ಪ್ರೋಟೀನ್) ಪರೀಕ್ಷೆ ಮಾಡಿಸಿ. ಮೂತ್ರ ಕಡಿಮೆಯಾದರೆ ಅಥವಾ ಏದುಸಿರು ಬಂದರೆ ಅಷ್ಟು ದಿನ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ವಾಂತಿಭೇದಿಯಾದಾಗ ಟೆಲ್ಮಿಸಾರ್ಟನ್, ಹೈಡ್ರೋಕ್ಲೋರೋಥಯಜೈಡ್, ಮೆಟ್‌ಫಾರ್ಮಿನ್‌ಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕೇ ಎಂಬುದನ್ನೂ ಈಗಲೇ ಕೇಳಿ ಬರೆಸಿಕೊಳ್ಳಿ.

ನೋವಿಗೆ ಸದ್ಯಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಮಾತ್ರ ಸಾಕು, ಜೊತೆಗೆ ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವಿರಲಿ. ಪಾವಗಡದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಕೀಲು ಬಿಗಿತ ಕಾಣಿಸಿಕೊಳ್ಳಬಹುದು, ಮೂತ್ರಪಿಂಡ ಸೋತಾಗ ಫ್ಲೋರೈಡ್ ಹೊರಹೋಗುವುದೂ ತಗ್ಗುತ್ತದೆ. ಮನೆಯ ನೀರನ್ನು ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಕುಡಿಯಲೂ ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ.