ಚದರ ಬೇರೆ, ಚತುರಂ ಬೇರೆ

ನೀನು ಮೊನ್ನೆ ಫೋನಿನಲ್ಲಿ ಕೇಳಿದ್ದು ಇನ್ನೂ ತಲೆಯಲ್ಲೇ ಕೂತಿದೆ. "ನಿಮ್ಮ ಕಾಸರಗೋಡಿನಲ್ಲಿ ಕ್ಲಾಸಿಗೊಂದು ಪ್ರೊಜೆಕ್ಟರ್ ಇದೆಯಂತೆ, ಎಲ್ಲಾ ಹೈಟೆಕ್ ಅಂತೆ. ಮತ್ಯಾಕೆ ಕನ್ನಡ ಕನ್ನಡ ಅಂತ ಒದ್ದಾಡ್ತೀರಿ? ಲೆಕ್ಕಕ್ಕೆ ಯಾವ ಭಾಷೆಯಾದರೇನು?" ಅಂದೆ. ಆಗ ಬಸ್ಸು ಬಂತು, ಉತ್ತರ ಕೊಡಲು ಆಗಲಿಲ್ಲ. ಈಗ ಕೇಳು.

ಹೈಟೆಕ್ ಅನ್ನುವುದು ನಿಜ, ಮಾರಾಯ್ತಿ. ಹೆಮ್ಮೆಯಿಂದಲೇ ಹೇಳುತ್ತೇನೆ. ಕೇರಳದಲ್ಲಿ 2001ರಲ್ಲೇ ಶಾಲೆಗಳಿಗೆ ಕಂಪ್ಯೂಟರ್ ತರುವ ಸರ್ಕಾರಿ ಯೋಜನೆ ಐಟಿ ಅಟ್ ಸ್ಕೂಲ್ ಅಂತ ಶುರುವಾಯಿತು. 2017ರಲ್ಲಿ ಅದೇ 'ಕೈಟ್' ಅನ್ನುವ ಸರ್ಕಾರಿ ಸಂಸ್ಥೆ ಆಯಿತು. ಆಮೇಲೆ ರಾಜ್ಯದ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಟ್ಟರು. ಕನ್ನಡ ಮಾಧ್ಯಮದ ನಮ್ಮ ಕ್ಲಾಸಿಗೂ ಬಂತು. ಕಂಪ್ಯೂಟರ್ ನಡೆಸಲು ಲಿನಕ್ಸ್ ಇದೆ, ಪರದೆಯಲ್ಲಿ ಆಕೃತಿ ಬಿಡಿಸಿ ಎಳೆದು ನೋಡಲು ಜಿಯೋಜೀಬ್ರಾ ಇದೆ, ವಿಜ್ಞಾನಕ್ಕೆ ಪರದೆಯಲ್ಲೇ ಮಾಡಿ ನೋಡುವ ಫೆಟ್ ಪ್ರಯೋಗಗಳಿವೆ. ಎಲ್ಲವೂ ಉಚಿತ. ಯಂತ್ರದ ವಿಷಯದಲ್ಲಿ ನನಗೆ ದೊಡ್ಡ ದೂರೇನೂ ಇಲ್ಲ.

ಲ್ಯಾಬಿನಲ್ಲಿ ಒಂದು ಲ್ಯಾಪ್‌ಟಾಪಿಗೆ ಇಬ್ಬರು, ಕೆಲವೊಮ್ಮೆ ಮೂವರು. ನಾನು ಒಂದು ನಿಯಮ ಮಾಡಿದ್ದೇನೆ. ಮೌಸ್ ಹಿಡಿದವರು ತಮ್ಮಷ್ಟಕ್ಕೆ ಏನೂ ಮಾಡಬಾರದು. ಪಕ್ಕದವರು ಬಾಯಲ್ಲಿ ಹೇಳಬೇಕು, ಇವರು ಅದನ್ನೇ ಮಾಡಬೇಕು. ಹತ್ತು ನಿಮಿಷಕ್ಕೆ ಅದಲು ಬದಲು. ಇಲ್ಲದಿದ್ದರೆ ಜೋರಿನವನು ಎಲ್ಲಾ ಮಾಡಿ ಮುಗಿಸುತ್ತಾನೆ, ಉಳಿದವರು ಸುಮ್ನೆ ನೋಡುತ್ತಾರೆ. ಬಾಯಲ್ಲಿ ಹೇಳಬೇಕಾದಾಗಲೇ ಮಗುವಿಗೆ ತನಗೆ ಎಷ್ಟು ಅರ್ಥವಾಗಿದೆ ಅಂತ ಗೊತ್ತಾಗುವುದು.

ನಿನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಒಬ್ಬಳೇ ಕೂತು ಲೆಕ್ಕ ಮಾಡುವವಳಿಗೆ ಸ್ವಲ್ಪ ಭಾಷೆ ಸಾಕಾಗಬಹುದು. ಜೊತೆಗೆ ಕೂತು ಕಲಿಯುವುದೆಂದರೆ ಪೂರ್ತಿ ಮಾತಿನ ಕೆಲಸ. ನನ್ನ ಒಂದೇ ಕ್ಲಾಸಿನಲ್ಲಿ ಮನೆಯಲ್ಲಿ ತುಳು ಆಡುವವರಿದ್ದಾರೆ, ಮಲಯಾಳಂ, ಹವ್ಯಕ, ಕೊಂಕಣಿ, ಬ್ಯಾರಿ, ಮರಾಠಿ ಆಡುವವರಿದ್ದಾರೆ. ಪುಸ್ತಕ ಕನ್ನಡ, ಪರದೆ ಇಂಗ್ಲಿಷ್, ಜಗಳ ತುಳುವಿನಲ್ಲಿ. ಇವರನ್ನೆಲ್ಲ ಒಂದು ಬೆಂಚಿನಲ್ಲಿ ಸೇರಿಸುವುದು ಕನ್ನಡವೇ.

ಕಳೆದ ವಾರ ನಡೆದದ್ದು ಹೇಳುತ್ತೇನೆ. ಸುತ್ತಳತೆ 24 ಸೆಂಟಿಮೀಟರ್ ಇರುವ ಆಯತಗಳಲ್ಲಿ ಯಾವುದಕ್ಕೆ ವಿಸ್ತೀರ್ಣ ಜಾಸ್ತಿ? ಜಿಯೋಜೀಬ್ರಾದಲ್ಲಿ ಒಂದು ಮೂಲೆ ಎಳೆದು ಹುಡುಕಬೇಕು. ಒಬ್ಬ ಹುಡುಗ ಹಿಂದಿನ ರಾತ್ರಿ ಮಲಯಾಳಂ ವಿಡಿಯೋ ನೋಡಿ ಬಂದಿದ್ದ. "ಚತುರಂ ಮಾಡು" ಅಂದ. ಮೌಸ್ ಹಿಡಿದ ಹುಡುಗಿಗೆ ಅದು ಚದರ ಅಂತ ಕೇಳಿಸಿತು. ಮನೆ ಕಟ್ಟುವವರು ಚದರ ಅಡಿ ಅನ್ನುತ್ತಾರಲ್ವಾ, ಅದೇ. ನಾಲ್ಕೂ ಬಾಹು 6 ಇಟ್ಟು ಚೌಕ ಮಾಡಿದಳು. "ಎಲ್ಲಾ ಬಾಹು ಒಂದೇ, 36 ಬಂತು, ಮುಗೀತು. ಇನ್ನೆಂತ ಹುಡುಕುವುದು?" ಅಂತ ಕೈ ಕಟ್ಟಿ ಕೂತಳು. ಮಲಯಾಳಂನಲ್ಲಿ ಚತುರಂ ಅಂದರೆ ಆಯತ. ಅವನು "ಇದಲ್ಲ, ಉದ್ದದ್ದು" ಅಂತ ಕೂಗಿದ. ಅವಳು "ನೀನೇ ಚದರ ಅಂದೆಯಲ್ಲ" ಅಂದಳು. ಹತ್ತು ನಿಮಿಷ ಹೋಯಿತು.

ನಾನು ಹೋಗಿ ಪಕ್ಕದಲ್ಲಿ ನಿಂತೆ. ತಿದ್ದಲಿಲ್ಲ. ಮೂಲೆ ಎಳೆಯಲು ಹೇಳಿದೆ. 10 ಮತ್ತು 2 ಇಟ್ಟಾಗ 20. 8 ಮತ್ತು 4 ಇಟ್ಟಾಗ 32. 7 ಮತ್ತು 5ಕ್ಕೆ 35. ಮತ್ತೆ ಎಳೆದರೆ 36, ಅವಳ ಚೌಕವೇ ಬಂದು ಕೂತಿತು. ದಾಟಿ ಎಳೆದರೆ ಪುನಃ ಇಳಿಯಿತು. ಅವನು ಬಿಡಲಿಲ್ಲ, "ಚೌಕ ಆಯತ ಅಲ್ಲವಲ್ಲ ಟೀಚರ್" ಅಂದ. ಚೌಕಕ್ಕೆ ಮಲಯಾಳಂನಲ್ಲಿ ಏನು ಹೇಳುತ್ತಾರೆ ಅಂತ ಅವನನ್ನೇ ಕೇಳಿದೆ. "ಸಮಚತುರಂ" ಅಂದ. ಅಂದು ಅಲ್ಲೇ ನಿಂತ. ಬಾಹು ಸಮ ಇರುವ ಚತುರಂ. ಅಂದರೆ ಚೌಕವೂ ಒಂದು ಆಯತ. ಎಷ್ಟು ಸಲ ಬೋರ್ಡಿನಲ್ಲಿ ಬರೆದರೂ ಮಕ್ಕಳಿಗೆ ಹತ್ತದ ವಿಷಯ ಇದು. ಆ ಪದವೇ ಹೇಳಿಕೊಟ್ಟಿತು. ನನಗೆ ಮೈ ಜುಮ್ಮೆಂದಿತು.

ಅದಕ್ಕೇ ಹೇಳುತ್ತೇನೆ, ಮಲಯಾಳಂ ಮೇಲೆ ನಮಗೆ ಕೋಪವಿಲ್ಲ. ಎರಡೂ ಭಾಷೆ ಗೊತ್ತಿರುವ ಮಕ್ಕಳು ಶ್ರೀಮಂತರು. ಆದರೆ ಆ ಹತ್ತು ನಿಮಿಷದ ಜಗಳವನ್ನು ಪಾಠ ಮಾಡಬೇಕಾದರೆ ಪಕ್ಕದಲ್ಲಿ ನಿಂತವರಿಗೆ ಎರಡೂ ಕಡೆಯ ಮಾತು ಅರ್ಥವಾಗಬೇಕು. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ಕ್ಲಾಸಿಗೆ ಹಾಕಿದರೆ ಅವರು ಪರದೆ ನೋಡುತ್ತಾರೆ, ಚೌಕ ತಪ್ಪು ಅನ್ನುತ್ತಾರೆ, ಮುಂದೆ ಹೋಗುತ್ತಾರೆ. ಮಕ್ಕಳು ಏನು ಗುಸುಗುಸು ಮಾಡಿದರು ಅಂತ ಅವರಿಗೆ ಗೊತ್ತಾಗುವುದೇ ಇಲ್ಲ. ಅವರದೂ ತಪ್ಪಲ್ಲ. ಹಾಗೆ ಹಾಕಿದ್ದಕ್ಕೆ ಇಲ್ಲಿ ಮಕ್ಕಳು, ಪೋಷಕರು ಬೀದಿಗಿಳಿದು ಕೂತದ್ದು ಒಮ್ಮೆಯಲ್ಲ.

ಇನ್ನು ನೀನು ಕಳಿಸುವ ಕನ್ನಡ ವಿಡಿಯೋಗಳು. ಪ್ರೀತಿಯಿಂದ ಕಳಿಸುತ್ತೀ, ಗೊತ್ತು. ಆದರೆ ಅವು ಕರ್ನಾಟಕದ ಪಠ್ಯಕ್ಕೆ ಮಾಡಿದವು. ನಮ್ಮದು ಕೇರಳದ ಪಠ್ಯ, ಕನ್ನಡದಲ್ಲಿ. ಪಾಠದ ಕ್ರಮ ಬೇರೆ, ಪದ ಬೇರೆ. ನಿಮ್ಮ ಕಡೆ ದಿಕ್ಕು ಲೆಕ್ಕಕ್ಕಿಲ್ಲದಿದ್ದರೆ ಜವ, ದಿಕ್ಕೂ ಸೇರಿದರೆ ವೇಗ. ಮಲಯಾಳಂನಲ್ಲಿ ಮೊದಲನೆಯದು ವೇಗತ, ಎರಡನೆಯದು ಪ್ರವೇಗಂ. ಒಂದೇ ಗುಂಪಿನಲ್ಲಿ ಒಬ್ಬ ನಿಮ್ಮ ಕಡೆಯ ವಿಡಿಯೋ ನೋಡಿ, ಒಬ್ಬ ಮಲಯಾಳಂ ವಿಡಿಯೋ ನೋಡಿ ಬಂದರೆ, 'ವೇಗ' ಅಂದಾಗ ಇಬ್ಬರ ತಲೆಯಲ್ಲೂ ಬೇರೆ ಬೇರೆ ಅಳತೆ ಓಡುತ್ತದೆ. ಅವರಿಗೆ ಅದು ಗೊತ್ತೂ ಇರುವುದಿಲ್ಲ. ಇದರ ಜೊತೆ ನನ್ನ ಹೋರಾಟ ದಿನಾ.

"ಹಾಗಾದರೆ ಮಲಯಾಳಂನಲ್ಲೇ ಕಲಿಸಿಬಿಡಿ" ಅಂತ ನೀನು ಅನ್ನಬಹುದು. 1956ರ ನವೆಂಬರ್ 1ರ ತನಕ ಈ ಊರು ದಕ್ಷಿಣ ಕನ್ನಡದಲ್ಲಿತ್ತು. ನನ್ನ ಅಜ್ಜ ಮಗ್ಗಿ ಕಲಿತದ್ದು ಕನ್ನಡದಲ್ಲಿ, ಅಪ್ಪನೂ ಹಾಗೆಯೇ. ನಾನು ಇವತ್ತಿಗೂ ಮನಸ್ಸಿನಲ್ಲಿ ಕೂಡಿಸುವುದು ಕನ್ನಡದಲ್ಲೇ. ಲ್ಯಾಪ್‌ಟಾಪ್ ಬಂತು ಅಂತ ಅದನ್ನು ಬಿಡಲಿಕ್ಕಾಗುತ್ತದಾ?

ಈಗ ಲ್ಯಾಬಿನ ಗೋಡೆಯಲ್ಲಿ ಒಂದು ದೊಡ್ಡ ಚಾರ್ಟ್ ಇದೆ. ಪುಸ್ತಕದ ಪದ, ವಿಡಿಯೋದ ಪದ, ಮನೆಯ ಪದ ಅಂತ ಮೂರು ಸಾಲು. ಗೊಂದಲವಾದಾಗ ಆ ಗುಂಪೇ ಎದ್ದು ಹೋಗಿ ಬರೆಯಬೇಕು, ಪಕ್ಕದಲ್ಲಿ ಚಿತ್ರ ಹಾಕಬೇಕು. ಮೊನ್ನೆಯ ಆ ಇಬ್ಬರು ಚೌಕದ ಚಿತ್ರ ಬಿಡಿಸಿ ಸಮಚತುರಂ ಅಂತ ಕನ್ನಡ ಅಕ್ಷರದಲ್ಲೇ ಬರೆದಿದ್ದಾರೆ. ಮನೆಯ ಪದದ ಜಾಗ ಇನ್ನೂ ಖಾಲಿ. ಹುಡುಗಿ ಅಜ್ಜಿಯನ್ನು ತುಳುವಿನಲ್ಲಿ ಕೇಳಿ ಬರುತ್ತೇನೆ ಅಂದಿದ್ದಾಳೆ.

ರಜೆಯಲ್ಲಿ ಬರುತ್ತೇನೆ ಅಂದೆಯಲ್ಲ, ರಜೆಗೆ ಎರಡು ದಿನ ಮೊದಲೇ ಬಾ. ಲ್ಯಾಬಿನ ಹಿಂದಿನ ಬೆಂಚಿನಲ್ಲಿ ಕೂತು ಒಂದು ಪೀರಿಯಡ್ ಅವರ ಮಾತು ಕೇಳು.