ಇಬ್ಬರಿಗೂ ಒಂದೇ ಗುಳಿಗೆ, ಲೆಕ್ಕ ಮಾತ್ರ ಬೇರೆ

ಹೆಸರು ಬಿಟ್ಟಿದ್ದೇನೆ, ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ಉಡುಪಿ ಸಮೀಪ ಶಂಕರಪುರದ ಕಡೆಯ ದಂಪತಿ. ಮನೆ ಹಿಂದೆ ಮಲ್ಲಿಗೆ ಗಿಡಗಳು. ಪತಿಗೆ 61, ಪತ್ನಿಗೆ 54. ಎರಡು ವರ್ಷದ ಹಿಂದೆ ಪತಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಅಂದಿನಿಂದ ದಿನಾ ರಾತ್ರಿ ಅಟೊರ್ವಾಸ್ಟಾಟಿನ್ 80 ಮಿ.ಗ್ರಾಂ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಗುಳಿಗೆ.

ಸಲಹೆಗೆಂದು ನನ್ನಲ್ಲಿಗೆ ಅವರಿಬ್ಬರನ್ನು ಕರೆತಂದದ್ದು ಒಂದು ಜಗಳ. ಅಕ್ಕಿ ಡಬ್ಬದ ಹಿಂದೆ ಪತ್ನಿಗೆ ಒಡೆಯದ ಗುಳಿಗೆ ಪಟ್ಟಿಗಳು ಸಿಕ್ಕಿದ್ದವು, ನಾಲ್ಕು ತಿಂಗಳಿನವು. "ಮೋಸ ಮಾಡಿದಿರಿ" ಎಂದು ಆಕೆ ಅಳುತ್ತಿದ್ದರು. ಪತಿ ತಲೆ ತಗ್ಗಿಸಿ ಕೂತಿದ್ದರು.

ಪತ್ನಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದ ಮೇಲೆ ಬಾಯಿ ಬಿಟ್ಟರು. "ತೊಡೆ ಬೇನೆ ಮೇಡಂ. ಬೆಳಿಗ್ಗೆ ಮೊಗ್ಗು ಕೊಯ್ಯಲು ಬಗ್ಗಿದರೆ ಏಳಲಿಕ್ಕಾಗುವುದಿಲ್ಲ. ಡಾಕ್ಟ್ರಲ್ಲಿ ಹೇಳಿದೆ, ಪ್ರಾಯ ಆಯ್ತಲ್ಲ ಅಂದರು. ಮೊಬೈಲಿನಲ್ಲಿ ನೋಡಿದರೆ ಈ ಗುಳಿಗೆ ಸ್ನಾಯು ತಿನ್ನುತ್ತದೆ ಅಂತ ಇತ್ತು."

ನಾನು ಮೊದಲು ಹೇಳಿದ್ದು: ನಿಮ್ಮ ನೋವು ನಿಜ. ನೋವು ಹೇಳಿಕೊಂಡವರಿಗೆ ಕಿವಿ ಸಿಗದಿದ್ದರೆ ಅವರು ಗುಳಿಗೆಯನ್ನು ಅಡಗಿಸಿಡುತ್ತಾರೆ. ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಆದರೆ ನೋವು ನಿಜ ಎಂದ ಮಾತ್ರಕ್ಕೆ ಅದಕ್ಕೆ ಗುಳಿಗೆಯೇ ಕಾರಣ ಎಂದಾಗುವುದಿಲ್ಲ. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದನ್ನು ಅವರಿಗೆ ವಿವರಿಸಿದೆ. ತೊಂದರೆಯಾಗಿ ಸ್ಟಾಟಿನ್ ಬಿಟ್ಟಿದ್ದ 60 ಮಂದಿಗೆ ಒಂದು ವರ್ಷ ಕಾಲ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧವೇ ಇಲ್ಲದ ಹುಸಿ ಗುಳಿಗೆ, ಕೆಲವು ತಿಂಗಳು ಏನೂ ಇಲ್ಲ. ಗುಳಿಗೆ ನುಂಗದ ತಿಂಗಳಲ್ಲಿ ತೊಂದರೆ ಕಡಿಮೆ. ಆದರೆ ಸ್ಟಾಟಿನ್ ತಂದ ತೊಂದರೆಯ ಸುಮಾರು ಶೇ. 90ರಷ್ಟನ್ನು ಹುಸಿ ಗುಳಿಗೆಯೂ ತಂದಿತ್ತು. ಇವರು ಸುಮಾರು ಹೊತ್ತು ಮಾತಾಡಲಿಲ್ಲ. "ಹಾಗಾದರೆ ನನ್ನದು ಭ್ರಮೆಯಾ?" ಎಂದರು. ಅಲ್ಲ. ಹೆದರಿಕೆಯೂ ಮೈಯಲ್ಲಿ ನೋವಾಗಿ ಕೂರುತ್ತದೆ, ಆ ನೋವೂ ನೋವೇ. ಇನ್ನು ಕೆಲವರಿಗೆ ಗುಳಿಗೆಯಿಂದಲೇ ಸ್ನಾಯು ನೋವು ಬರುವುದೂ ಉಂಟು, ಅದರಲ್ಲೂ ಹೆಚ್ಚಿನ ಡೋಸಿನಲ್ಲಿ. ನಿಮ್ಮದು ಯಾವುದು ಎಂದು ಊಹಿಸುವುದು ಬೇಡ, ಪರೀಕ್ಷಿಸಿ ನೋಡೋಣ ಎಂದೆ.

ಗುಳಿಗೆ ಬಿಟ್ಟದ್ದರ ಬೆಲೆಯನ್ನೂ ಮುಚ್ಚಿಡಲಿಲ್ಲ. ಸ್ಟಾಟಿನ್ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಡೆಯುತ್ತದೆ, ಆಗ ಯಕೃತ್ತು ರಕ್ತದಲ್ಲಿರುವ ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಅನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಎಲ್‌ಡಿಎಲ್ ಸುಮಾರು 39 ಅಂಕ (ಮಿ.ಗ್ರಾಂ/ಡೆ.ಲೀ.) ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಆಪತ್ತು ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ಸ್ಟೆಂಟ್ ಇದ್ದವರಿಗೆ ಅದು 70ಕ್ಕಿಂತ ಕೆಳಗಿರಬೇಕು, 55ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ಇವರದು 64 ಇದ್ದದ್ದು ಈಗ 138.

ನನ್ನ ಸಲಹೆ ಇಷ್ಟು. ಇದೇ ವಾರ ವೈದ್ಯರಲ್ಲಿಗೆ ಹೋಗಿ, ಬಿಟ್ಟದ್ದನ್ನು ಬಾಯಿಬಿಟ್ಟು ಹೇಳಿ. ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತೋರಿಸುವ ಸಿಕೆ ರಕ್ತಪರೀಕ್ಷೆ ಮಾಡಬಹುದೇ ಎಂದು ಕೇಳಿ, ಥೈರಾಯ್ಡ್ ಕೂಡ. ಥೈರಾಯ್ಡ್ ಕಡಿಮೆಯಾದರೂ ಸ್ನಾಯು ನೋಯುತ್ತದೆ. 80 ಮಿ.ಗ್ರಾಂ ಒಂದೇ ದಾರಿಯಲ್ಲ. ಸ್ಟಾಟಿನ್ ಡೋಸ್ ಇಮ್ಮಡಿ ಮಾಡಿದರೆ ಎಲ್‌ಡಿಎಲ್ ಮತ್ತೆ ಶೇ. 6ರಷ್ಟೇ ಇಳಿಯುವುದು; ಬೇರೆ ಸ್ಟಾಟಿನ್ ಅನ್ನು ಕಡಿಮೆ ಡೋಸಿನಲ್ಲಿ ಕೊಟ್ಟು ಜೊತೆಗೆ ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುವ ಎಜೆಟಿಮೈಬ್ ಗುಳಿಗೆ ಸೇರಿಸಬಹುದೇ ಎಂದು ವಿಚಾರಿಸಿ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ನೋವಿಗೆ 0ಯಿಂದ 10ರೊಳಗೆ ಅಂಕ ಬರೆಯಿರಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ ಕೈಕಾಲು ಸೋತರೆ ಮಾತ್ರ ಕ್ಯಾಲೆಂಡರ್ ನೋಡುತ್ತ ಕೂರಬೇಡಿ, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಹಾಗಾಗುವುದು ತೀರಾ ಅಪರೂಪ.

ಪತ್ನಿಗೆ ಹೇಳಿದ್ದು: ಕಾವಲು ಕೂರಬೇಡಿ. ಗುಳಿಗೆ ತಿಂದಿರಾ ಎಂದು ಕೇಳುವ ಬದಲು ಇವತ್ತು ನೋವು ಎಷ್ಟು ಎಂದು ಕೇಳಿ.

ಆಗ ಆಕೆಯ ಚೀಲದಿಂದ ಇನ್ನೊಂದು ಚೀಟಿ ಹೊರಬಂತು. ಆಕೆಗೂ ಅದೇ ಗುಳಿಗೆ, 10 ಮಿ.ಗ್ರಾಂ, ಗಂಡನ ಅವಸ್ಥೆ ನೋಡಿ ಶುರು ಮಾಡಿರಲಿಲ್ಲ. ಎಲ್‌ಡಿಎಲ್ 142, ಬಿಪಿ ಇಲ್ಲ, ಹೃದಯದ ತೊಂದರೆ ಇಲ್ಲ, ಸಕ್ಕರೆ ಮಾತ್ರ ಗಡಿಯಲ್ಲಿ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1. ಇಲ್ಲಿ ತಕ್ಕಡಿಯೇ ಬೇರೆ. ಲೆಕ್ಕಕ್ಕೆಂದು ಹೇಳುವುದಾದರೆ, ಹತ್ತು ವರ್ಷದಲ್ಲಿ 100ರಲ್ಲಿ 8 ಮಂದಿಗೆ ಹೃದಯಾಘಾತವಾಗುವಂಥ ಗುಂಪಿನಲ್ಲಿ ಗುಳಿಗೆ ಅದನ್ನು 6ಕ್ಕೆ ತರಬಹುದು. ಉಳಿದ 92 ಮಂದಿಗೆ ಗುಳಿಗೆ ಇಲ್ಲದೆಯೂ ಆಗುತ್ತಿರಲಿಲ್ಲ. ಸ್ಟಾಟಿನ್ ಸಕ್ಕರೆಯನ್ನು ತುಸು ಏರಿಸುತ್ತದೆ, ಗಡಿಯಲ್ಲಿರುವವರೇ ಮಧುಮೇಹಕ್ಕೆ ದಾಟುವುದು ಹೆಚ್ಚು. ನಿಮ್ಮ ಅಪಾಯ ನೂರಕ್ಕೆಷ್ಟು ಎಂದು ವೈದ್ಯರಲ್ಲೇ ಲೆಕ್ಕ ಕೇಳಿ, ಆಮೇಲೆ ತೀರ್ಮಾನಿಸಿ ಎಂದೆ. ಆಕೆಯ ವಿಷಯದಲ್ಲಿ ಕಾಯುವುದೂ ಸರಿಯಾದ ಆಯ್ಕೆಯಾಗಬಹುದು, ಗಂಡನ ವಿಷಯದಲ್ಲಿ ಅಲ್ಲ.

ಎರಡು ತಿಂಗಳ ಬಳಿಕ ಬಂದರು. ಸಿಕೆ, ಥೈರಾಯ್ಡ್ ಎರಡೂ ಸರಿಯಿದ್ದವು. ವೈದ್ಯರು ರೋಸುವಾಸ್ಟಾಟಿನ್ 10 ಮತ್ತು ಎಜೆಟಿಮೈಬ್ ಕೊಟ್ಟಿದ್ದರು, ಎಲ್‌ಡಿಎಲ್ 59. ಕ್ಯಾಲೆಂಡರನ್ನು ಸುರುಳಿ ಸುತ್ತಿ ತಂದಿದ್ದರು. ಗುಳಿಗೆ ಬಿಟ್ಟಿದ್ದ ದಿನಗಳಲ್ಲೂ 3, 4 ಇತ್ತು; ಈಗ 2, ಕೆಲವೊಮ್ಮೆ 4. "ನಾಲ್ಕು ಬರುವುದು ಹೂವು ಜಾಸ್ತಿ ಇದ್ದ ದಿನ" ಎಂದು ತಾವೇ ಬೆರಳಿಟ್ಟು ತೋರಿಸಿದರು.

ಪತ್ನಿ ವೈದ್ಯರನ್ನು ಕೇಳಿ ಆರು ತಿಂಗಳು ಕಾಯಲು ನಿರ್ಧರಿಸಿದ್ದಾರೆ. ತೆಂಗಿನೆಣ್ಣೆಯಲ್ಲಿ ಹುರಿಯುವುದು ನಿಂತಿದೆ, ಸಂಜೆ ನಡಿಗೆ ಶುರುವಾಗಿದೆ. ಮರುಪರೀಕ್ಷೆಗೆ ದಿನ ಕೇಳಿದೆ. ಅಷ್ಟಮಿಯ ಹೂವಿನ ಗದ್ದಲ ಮುಗಿಯಲಿ, ಮರುವಾರವೇ ಬರುತ್ತೇನೆ ಎಂದರು.