ಹಾಡಿನ ಸಾಲು ಯಾಕೆ ಕೇಳಿಸಲಿಲ್ಲ?

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ಸಿಟ್ಟು ಜಾಸ್ತಿಯೇ ಇದೆ. ಗೆಳೆಯರು ಹೇಳಿದರೆಂದು ಮೊದಲ ಸಲ ಒಂದು ಸಣ್ಣ ಹಾಲ್‌ನಲ್ಲಿ ಇಂಡೀ ಬ್ಯಾಂಡ್‌ಗಳ (ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡುವ ತಂಡಗಳ) ರಾತ್ರಿಗೆ ಹೋಗಿದ್ದೀರಿ. ಮೊದಲ ಬ್ಯಾಂಡ್ ಮುಗಿದ ಮೇಲೆ ಹೋಗಿ, ವೇದಿಕೆಗೆ ಅಂಟಿಕೊಂಡು ನಿಂತಿದ್ದೀರಿ. ಹಾಡಿನ ಒಂದು ಸಾಲೂ ತಿಳಿಯಲಿಲ್ಲ. ಬ್ಯಾಂಡ್‌ಗಳ ನಡುವೆ ಸುಮ್ನೆ ಕಾಯಬೇಕಾಯಿತು. ಮರುದಿನವೂ ಕಿವಿ ಗುಂಯ್‌ಗುಡುತ್ತಿತ್ತು. ‘ಇದೇ ಹಾಡನ್ನು ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳಬಹುದಲ್ಲ?’ ಎಂದು ಕೇಳಿದ್ದೀರಿ.

ಸೌಂಡ್ ಎಂಜಿನಿಯರ್‌ಗೆ ಚೆನ್ನಾಗಿ ಬೈದಿದ್ದೀರಿ. ಅವರ ಪರವಾಗಿ ಸ್ವಲ್ಪ ವಾದಿಸುತ್ತೇನೆ. ದೊಡ್ಡ ಮೈದಾನದಲ್ಲಿ ಸದ್ದೆಲ್ಲ ಬಹುಪಾಲು ಸ್ಪೀಕರ್‌ನಿಂದಲೇ ಬರುತ್ತದೆ. ಯಾವುದನ್ನು ಏರಿಸಬೇಕು, ಯಾವುದನ್ನು ಇಳಿಸಬೇಕು ಎಂಬುದು ಮಿಕ್ಸರ್ (ಎಲ್ಲ ಮೈಕ್‌ಗಳ ಸದ್ದನ್ನು ಹೊಂದಿಸುವ ಯಂತ್ರ) ಮುಂದೆ ನಿಂತ ಎಂಜಿನಿಯರ್ ಕೈಯಲ್ಲಿರುತ್ತದೆ. ಸಣ್ಣ ಹಾಲ್‌ನಲ್ಲಿ ಡ್ರಮ್ಸ್‌ಗೆ ಎಷ್ಟೋ ಸಲ ಮೈಕೇ ಬೇಡ. ಗಿಟಾರ್ ಆಂಪ್‌ನ, ಅಂದರೆ ಗಿಟಾರ್‌ನ ಸದ್ದು ಹೆಚ್ಚಿಸುವ ಪೆಟ್ಟಿಗೆಯ ಸದ್ದೂ ನೇರ ನಿಮ್ಮ ಮೇಲೇ ಬರುತ್ತದೆ. ಸ್ಪೀಕರ್ ಬೇಕಿರುವುದು ಮುಖ್ಯವಾಗಿ ಹಾಡುವವರ ದನಿಗೆ. ಆ ದನಿಯನ್ನು ಏರಿಸುತ್ತಾ ಹೋದರೆ ಸ್ಪೀಕರ್‌ನ ಸದ್ದು ಮತ್ತೆ ಮೈಕ್‌ಗೇ ಹೊಕ್ಕು ಕುಂಯ್ ಎಂದು ಕಿರುಚುತ್ತದೆ. ಅದಕ್ಕಿಂತ ಮೇಲೆ ಏರಿಸುವಂತಿಲ್ಲ. ಇನ್ನು ಡ್ರಮ್ಸ್ ಸದ್ದು ತಗ್ಗಿಸುವ ಬಟನ್ ಯಾವ ಮಿಕ್ಸರ್‌ನಲ್ಲೂ ಇಲ್ಲ, ಬಾರಿಸುವವರೇ ಮೆಲ್ಲಗೆ ಬಾರಿಸಬೇಕು. ಅದು ಬರುವ ಡ್ರಮ್ಮರ್‌ಗಳು ಕಡಿಮೆ ಎಂಬುದು ನನ್ನ ದೂರು.

ನೀವು ನಿಂತ ಜಾಗವೂ ಸರಿಯಿರಲಿಲ್ಲ. ಮುಖ್ಯ ಸ್ಪೀಕರ್‌ಗಳು ವೇದಿಕೆಯ ಎರಡು ಬದಿಯಲ್ಲಿದ್ದು ಹಿಂದಿನವರ ಕಡೆಗೆ ಮುಖ ಮಾಡಿರುತ್ತವೆ. ವೇದಿಕೆಗೆ ಅಂಟಿ ಮಧ್ಯದಲ್ಲಿ ನಿಂತರೆ ಡ್ರಮ್ಸ್ ಮತ್ತು ಆಂಪ್ ಸಿಗುತ್ತವೆ, ದನಿ ಸಿಗುವುದಿಲ್ಲ. ಮಿಕ್ಸರ್ ಇರುವ ಜಾಗದ ಹತ್ತಿರ ನಿಂತು ನೋಡಿ. ಎಂಜಿನಿಯರ್ ಅಲ್ಲಿ ತಮಗೆ ಕೇಳಿಸಿದ್ದನ್ನೇ ನಂಬಿ ಸರಿಮಾಡುತ್ತಿರುತ್ತಾರೆ. ಒಂದೆರಡು ಹಾಡು ಅವರಿಗೂ ಸಮಯ ಕೊಡಿ. ಸೌಂಡ್‌ಚೆಕ್, ಅಂದರೆ ಕಾರ್ಯಕ್ರಮಕ್ಕೆ ಮೊದಲು ಸದ್ದು ಹೊಂದಿಸಿ ನೋಡುವುದು, ನಡೆಯುವುದು ಖಾಲಿ ಹಾಲ್‌ನಲ್ಲಿ. ಜನ ತುಂಬಿದ ಮೇಲೆ ಮೈ, ಬಟ್ಟೆ ಎಲ್ಲ ಸದ್ದನ್ನು ಹೀರಿ ಹಾಲ್‌ನ ಸ್ವಭಾವವೇ ಬದಲಾಗಿರುತ್ತದೆ.

ನಡುವೆ ಕಾಯುವುದಕ್ಕೆ ದೊಡ್ಡ ಕಾರಣವೇನಿಲ್ಲ. ಡ್ರಮ್ ಸೆಟ್ ಹೆಚ್ಚಾಗಿ ಎಲ್ಲರಿಗೂ ಒಂದೇ, ಆದರೆ ಅದರ ಕೆಲವು ಭಾಗಗಳು – ಸ್ನೇರ್ ಎಂಬ ಸಣ್ಣ ಡ್ರಮ್, ಸಿಂಬಲ್ ಎಂಬ ಲೋಹದ ತಟ್ಟೆ, ಕಾಲಿನಿಂದ ಒತ್ತುವ ಪೆಡಲ್ – ಅವರವರದ್ದು. ಬಿಚ್ಚಬೇಕು, ಜೋಡಿಸಬೇಕು.

ಕಿವಿಯ ವಿಷಯ ಮಾತ್ರ ತಮಾಷೆಯಲ್ಲ. 85 ಡೆಸಿಬಲ್ (ಸದ್ದಿನ ಅಳತೆ) ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಎಂದು ಅಮೆರಿಕದ ಕೆಲಸದ ಸ್ಥಳಗಳ ಆರೋಗ್ಯ ಸಂಸ್ಥೆ ಹೇಳುತ್ತದೆ. ಸದ್ದು 3 ಡೆಸಿಬಲ್ ಏರಿದಾಗಲೆಲ್ಲ ಆ ಸಮಯ ಅರ್ಧವಾಗುತ್ತದೆ. ಲೆಕ್ಕ ಹಾಕಿದರೆ 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ಇಂಥ ಜಾಗಗಳಲ್ಲಿ ಸರಾಸರಿ ಸದ್ದು 100 ಡೆಸಿಬಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಹಾಗಾಗಿ ಕಿವಿಗೆ ಇಯರ್‌ಪ್ಲಗ್ (ಸದ್ದು ತಗ್ಗಿಸುವ ಬಿರಡೆ) ಹಾಕಿಕೊಂಡೇ ಹೋಗಿ. ಫೋಮ್‌ನದ್ದು ಮೇಲಿನ ಸ್ವರಗಳನ್ನು ಜಾಸ್ತಿ ತಿಂದು ಮಾತನ್ನು ಮಂದ ಮಾಡುತ್ತದೆ. ಸಂಗೀತಗಾರರು ಬಳಸುವ ಫಿಲ್ಟರ್ ಇರುವಂಥದ್ದಾದರೆ ಎಲ್ಲವನ್ನೂ ಹೆಚ್ಚುಕಡಿಮೆ ಸಮವಾಗಿ ತಗ್ಗಿಸುತ್ತದೆ. ಗುಂಯ್ ಎನ್ನುವುದು ಇನ್ನೂ ನಿಂತಿಲ್ಲವಾದರೆ ವೈದ್ಯರಿಗೆ ತೋರಿಸಿ.

ಇಷ್ಟೆಲ್ಲ ಪಾಡು ಪಟ್ಟು ಯಾಕೆ ಹೋಗಬೇಕು? ರೆಕಾರ್ಡ್ ಆದ ಹಾಡು ಮುಗಿದುಹೋದ ಹಾಡು. ಸಣ್ಣ ಹಾಲ್‌ನಲ್ಲಿ ಅದು ಇನ್ನೂ ತಯಾರಾಗುತ್ತಿರುತ್ತದೆ. ನ್ಯೂಯಾರ್ಕ್‌ನಲ್ಲಿ 1973ರಿಂದ 2006ರವರೆಗೆ ಸಿಬಿಜಿಬಿ ಎಂಬ ಇಕ್ಕಟ್ಟಾದ ಕ್ಲಬ್ ಇತ್ತು. ಸ್ವಂತ ಹಾಡನ್ನೇ ನುಡಿಸಬೇಕು ಎಂದು ಅದರ ಮಾಲೀಕರು ಬ್ಯಾಂಡ್‌ಗಳಿಗೆ ಹೇಳುತ್ತಿದ್ದರು. ರಾಮೋನ್ಸ್, ಟಾಕಿಂಗ್ ಹೆಡ್ಸ್‌ನಂಥ ಹೆಸರಾಂತ ಬ್ಯಾಂಡ್‌ಗಳು ಬೆಳೆದದ್ದು ಅಲ್ಲಿಯೇ. ಲಿವರ್‌ಪೂಲ್‌ನ ನೆಲಮಾಳಿಗೆಯ ಕ್ಯಾವರ್ನ್ ಕ್ಲಬ್‌ನಲ್ಲಿ ಬೀಟಲ್ಸ್ 1961ರಿಂದ 1963ರೊಳಗೆ 300ರ ಹತ್ತಿರ ಸಲ ನುಡಿಸಿದರು. ಅವರ ಕೈ ಪಳಗಿದ್ದರಲ್ಲಿ ಆ ನೆಲಮಾಳಿಗೆಯ ಪಾಲು ಸಣ್ಣದಲ್ಲ.

‘ಮೊದಲ ಬ್ಯಾಂಡ್ ತಪ್ಪಿದ್ದರಿಂದ ನಷ್ಟವೇನೂ ಆಗಿಲ್ಲ’ ಎಂದು ಬರೆದಿದ್ದೀರಿ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹೆಡ್‌ಫೋನ್‌ನಲ್ಲಿ ಸಿಗದ ಹಾಡು ಇರುವುದು ಹೆಚ್ಚಾಗಿ ಅವರ ಬಳಿಯೇ. ಎಷ್ಟೋ ಸಲ ಅವರು ಇನ್ನೂ ರೆಕಾರ್ಡೇ ಮಾಡಿರುವುದಿಲ್ಲ. ಜನ ಕಡಿಮೆ ಇರುವುದರಿಂದ ಬೇಕಾದ ಕಡೆ ನಿಲ್ಲಬಹುದು. ಆಮೇಲೆ ಬಾಗಿಲ ಹತ್ತಿರ ಟೀಶರ್ಟ್ ಮಾರಲು ಅವರೇ ನಿಂತಿರುತ್ತಾರೆ, ಮಾತಾಡಿಸಬಹುದು.

ಬ್ಯಾಂಡ್ ಕೆಟ್ಟದಾಗಿದ್ದರೆ? ಇರಬಹುದು. ಅರ್ಧ ಗಂಟೆಗೆ ಮುಗಿಯುತ್ತದೆ.

– ಸಂಪಾದಕ